ಪಾನಾ ಹಿಡಿಯುವ ಮೊದಲು ಮೀಟರ್

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಸಾಲಹಳ್ಳಿಯಂಥ ಊರುಗಳ ಮನೆಗಳಲ್ಲಿ ಏಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ಹುಡುಗನಿಗೆ ಗಾಡಿಯೆಂದರೆ ಜೀವ, ಓದೆಂದರೆ ಅಷ್ಟಕ್ಕಷ್ಟೆ, ಇವನನ್ನು ರಾಮದುರ್ಗದಲ್ಲಿ ಯಾವುದಾದರೂ ಗ್ಯಾರೇಜಿಗೆ ಹಚ್ಚಬೇಕೋ, ಎರಡು ವರ್ಷ ಐಟಿಐಗೆ ಕಳಿಸಬೇಕೋ? ಈ ಭಾಗದಲ್ಲಿ ರಿಪೇರಿ ಕೆಲಸಕ್ಕೆ ಬರವಿಲ್ಲ. ಹಂಗಾಮು ಶುರುವಾಯಿತೆಂದರೆ ಕಬ್ಬು ತುಂಬಿದ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡುತ್ತವೆ. ಹುಣ್ಣಿಮೆ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಕ್ರೂಸರು, ಟೆಂಪೊಗಳ ಸಾಲು. ಕಿತ್ತೂರಿನ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾಯುತ್ತದೆ. ಇನ್ನು ಬೈಕಿಲ್ಲದ ಮನೆಯನ್ನು ಹುಡುಕಬೇಕು. ಇಷ್ಟೆಲ್ಲ ಗಾಡಿಗಳಿರುವಲ್ಲಿ ಹುಡುಗ ಗ್ಯಾರೇಜು ಸೇರಿಯೇ ಸೇರುತ್ತಾನೆ, ಸೇರಲೂಬೇಕು. ಯಾವಾಗ ಎಂಬುದಷ್ಟೇ ಪ್ರಶ್ನೆ. ಮೊದಲು ಐಟಿಐ, ಆಮೇಲೆ ಗ್ಯಾರೇಜು ಎಂಬುದು ಈ ಲೇಖನದ ವಾದ. ಸರ್ಟಿಫಿಕೇಟಿನ ಆಸೆಗೆ ಹೇಳುವ ಮಾತಲ್ಲ ಇದು. ಗಾಡಿಗಳು ಕೆಡುವ ರೀತಿಯೇ ಬದಲಾಗಿರುವುದರಿಂದ, ಬಿಚ್ಚಿ ನೋಡಿ ಕಲಿಯುವ ಹಳೆಯ ದಾರಿ ಈಗ ಅರ್ಧಕ್ಕೇ ನಿಲ್ಲುತ್ತದೆ.

ಡೀಸೆಲ್ ಎಂಜಿನ್ನಿನ ಒಂದೇ ಉದಾಹರಣೆ ಸಾಕು. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಮಿಸ್ತ್ರಿಗಳು ಮಾಡುವ ಉಪಾಯ ಎಲ್ಲರಿಗೂ ಗೊತ್ತು. ಎಂಜಿನ್ ಚಾಲೂ ಇರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಪಾನಾದಿಂದ ಸ್ವಲ್ಪ ಸಡಿಲಿಸುವುದು, ಸದ್ದು ಬದಲಾಗದ ಸಿಲಿಂಡರೇ ಸತ್ತದ್ದೆಂದು ತಿಳಿಯುವುದು. ಹಳೆಯ ಪಂಪಿನ ಎಂಜಿನ್ನುಗಳಲ್ಲಿ ಇದು ನಡೆಯುತ್ತಿತ್ತು, ಏಕೆಂದರೆ ಅಲ್ಲಿ ಇಂಜೆಕ್ಟರ್ ತೆರೆದುಕೊಳ್ಳುವುದೇ ಸುಮಾರು 200 ಬಾರ್ ಒತ್ತಡಕ್ಕೆ. ಇಂದಿನ ಪಿಕಪ್ಪು, ಕಾರು, ಬಸ್ಸುಗಳಲ್ಲಿರುವುದು ಕಾಮನ್ ರೇಲ್ ಎಂಜಿನ್. ಅದರ ಪೈಪಿನಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಬೈಕಿನ ಟಯರಿನಲ್ಲಿರುವ ಹವಾ 2 ಬಾರ್‌ನಷ್ಟು ಎಂದು ನೆನೆದರೆ ಇದರ ಗಾತ್ರ ತಿಳಿದೀತು. ಚಾಲೂ ಇರುವ ಕಾಮನ್ ರೇಲ್ ಎಂಜಿನ್ನಿನ ಪೈಪು ಸಡಿಲಿಸಿದರೆ ಹೊರಚಿಮ್ಮುವ ಡೀಸೆಲ್ಲಿನ ಸೂಜಿಯಂಥ ಧಾರೆ ಚರ್ಮ ತೂರಿ ಕೈಯೊಳಕ್ಕೆ ಹೋಗುತ್ತದೆ. ಮೇಲೆ ಕಾಣುವುದು ಚಿಕ್ಕ ಚುಕ್ಕೆ, ಒಳಗೆ ಮಾಂಸ ಕೊಳೆತು ಬೆರಳು ತೆಗೆಯುವ ಸ್ಥಿತಿಗೂ ಬರಬಹುದು. ನಿನ್ನೆಯವರೆಗೆ ಜಾಣತನವಾಗಿದ್ದ ಉಪಾಯ ಇವತ್ತು ಅಪಾಯ. ಅದೇ ಕೆಲಸವನ್ನು ಈಗ ಸ್ಕ್ಯಾನರ್ ಹಚ್ಚಿ, ಒಂದೊಂದು ಸಿಲಿಂಡರಿನ ಲೆಕ್ಕವನ್ನು ಪರದೆಯ ಮೇಲೆ ಓದಿ ಮಾಡಬೇಕು. ಓದಲು ಬರಬೇಕು, ಓದಿದ್ದಕ್ಕೆ ಅರ್ಥ ಹಚ್ಚಲೂ ಬರಬೇಕು.

ಬದಲಾವಣೆಗೆ ತಾರೀಖುಗಳೂ ಇವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಬೈಕು, ಕಾರು, ಲಾರಿ, ಬಸ್ಸುಗಳೆಲ್ಲ ಬಿಎಸ್6 ಎಂಬ ಹೊಗೆಯ ನಿಯಮಕ್ಕೆ ಹೊಂದಬೇಕಾಯಿತು. ಬೈಕುಗಳಲ್ಲಿ ಕಾರ್ಬೋರೇಟರ್ ಬಹುಮಟ್ಟಿಗೆ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ದೊಡ್ಡ ಡೀಸೆಲ್ ಗಾಡಿಗಳಿಗೆ ಯೂರಿಯಾ ದ್ರಾವಣದ ಟ್ಯಾಂಕು ಬಂತು. ಶುದ್ಧ ನೀರಿನಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ ಇರುವ ದ್ರಾವಣ ಅದು; ಹೊಗೆಯಲ್ಲಿನ ವಿಷವನ್ನು ಮುರಿಯುವುದು ಅದರ ಕೆಲಸ. ರೈತಾಪಿ ನಾಡಿನಲ್ಲಿ ಯೂರಿಯಾ ಚೀಲಕ್ಕೇನು ಕೊರತೆ ಎಂದು ಯಾರಾದರೂ ಹೊಲದ ಗೊಬ್ಬರ ಕಲಸಿ ಸುರಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. 2015ರಿಂದೀಚೆಗೆ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ. ಅದೂ ಉಳಿದ ಕಲ್ಮಶಗಳೂ ಸೇರಿ ಸೂಕ್ಷ್ಮವಾದ ತೂತುಗಳನ್ನು ಕಟ್ಟಿ, ಬೆಲೆಬಾಳುವ ಭಾಗವನ್ನೇ ಹಾಳು ಮಾಡುತ್ತವೆ. ಯಾಕೆ ಹಾಕಬಾರದೆಂದು ಗಿರಾಕಿಗೆ ಬಿಡಿಸಿ ಹೇಳಲು ಮಿಸ್ತ್ರಿಗೆ ಒಂದಿಷ್ಟು ರಸಾಯನಶಾಸ್ತ್ರ ಬೇಕು. ಗ್ಯಾರೇಜಿನಲ್ಲಿ ಇದನ್ನು ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಇನ್ನು ಬೈಕಿಗೆ ಬರೋಣ. ಹಳ್ಳಿಯ ಗ್ಯಾರೇಜಿಗೆ ಅನ್ನ ಕೊಡುವುದು ಅದೇ. ಸೆಲ್ಫ್ ಒತ್ತಿದರೆ ಟಕ್ ಎನ್ನುತ್ತದೆ, ಮೋಟಾರು ತಿರುಗುವುದಿಲ್ಲ. ಊಹೆಯ ಮೇಲೆ ಕೆಲಸ ಮಾಡುವವನು ಮೊದಲು ಬ್ಯಾಟರಿ ಬದಲಿಸುತ್ತಾನೆ. ಆಗಲಿಲ್ಲವೆಂದರೆ ರಿಲೇ, ಕೊನೆಗೆ ಸೆಲ್ಫ್ ಮೋಟಾರು. ಗಿರಾಕಿಗೆ ಮೂರು ಬಿಲ್ಲು. ಕಲಿತವನು ಮಲ್ಟಿಮೀಟರ್ ತೆಗೆಯುತ್ತಾನೆ. ಗಾಡಿ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜು ತುಂಬಿದೆ. ಸೆಲ್ಫ್ ಒತ್ತಿದಾಗ ಅದು 9ಕ್ಕೋ ಅದಕ್ಕೂ ಕೆಳಕ್ಕೋ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಕುಸಿಯದೆ 12ರ ಮೇಲೇ ನಿಂತಿತೆಂದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಲೇ ಇಲ್ಲ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಮತ್ತೆ ಸೆಲ್ಫ್ ಒತ್ತಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ವಯರಿನ ತುದಿ ತುಕ್ಕು ಹಿಡಿದಿದೆ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಗಾಡಿ ಚಾಲೂ. ಅಲ್ಲಿ ಏನೂ ಕಾಣದಿದ್ದರೆ ಮುಂದಿನ ಅಳತೆ ರಿಲೇಯ ಎರಡು ತುದಿಗಳ ನಡುವೆ. ಕೆಲವೇ ನಿಮಿಷಗಳ ಕೆಲಸ, ಒಂದು ಭಾಗವನ್ನೂ ಬದಲಿಸದೆ. ಮೀಟರು ಕೆಲವು ನೂರು ರೂಪಾಯಿಗೆ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲಿ ಇಡಬೇಕು, ಎಷ್ಟು ಬರಬೇಕು, ಬರದಿದ್ದರೆ ಮುಂದೆ ಎಲ್ಲಿ ಇಡಬೇಕು ಎಂಬುದು ಅಂಗಡಿಯಲ್ಲಿ ಸಿಗುವುದಿಲ್ಲ. ಐಟಿಐಯ ಎರಡು ವರ್ಷದಿಂದ ಬೇರೇನೂ ದಕ್ಕದೆ ಇದೊಂದು ದಕ್ಕಿದರೂ ಆ ಎರಡು ವರ್ಷ ವ್ಯರ್ಥವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ನಮ್ಮ ಕಡೆ ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಟ್ರ್ಯಾಕ್ಟರು. ಅದಕ್ಕೆ ಈ ಎಲೆಕ್ಟ್ರಾನಿಕ್ಸ್ ಯಾಕೆ? ಮಾತಿನಲ್ಲಿ ಸತ್ಯವಿದೆ. ಟ್ರ್ಯಾಕ್ಟರುಗಳಿಗೆ ಬಿಎಸ್6 ಅನ್ವಯಿಸುವುದಿಲ್ಲ. ಅವುಗಳ ಹೊಗೆಯ ನಿಯಮವೇ ಬೇರೆ. ಟ್ರೆಮ್ 4 ಎಂಬ ಬಿಗಿ ಹಂತ 2023ರ ಜನವರಿಯಿಂದ ಜಾರಿಯಾದದ್ದು 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಮಾತ್ರ, ನಮ್ಮ ಹೊಲಗಳಲ್ಲಿ ಓಡುವ ಬಹುಪಾಲು ಟ್ರ್ಯಾಕ್ಟರುಗಳು ಅದಕ್ಕಿಂತ ಕೆಳಗಿನವು. ಅವುಗಳ ಪಂಪು, ಗೇರು, ಕ್ಲಚ್ಚು, ಹೈಡ್ರಾಲಿಕ್ ಲಿಫ್ಟು ಹಳೆಯ ಮಿಸ್ತ್ರಿಗೆ ಇನ್ನೂ ಕರತಲಾಮಲಕ. ಹಾಗಾಗಿ ಟ್ರ್ಯಾಕ್ಟರೊಂದನ್ನೇ ನಂಬಿ ಬದುಕುತ್ತೇನೆನ್ನುವವನಿಗೆ ನೇರವಾಗಿ ಗ್ಯಾರೇಜು ಸೇರುವುದು ಇವತ್ತಿಗೆ ತಪ್ಪು ಲೆಕ್ಕವಲ್ಲ. ಆದರೆ ಹದಿನಾರರ ಹುಡುಗ ಕೆಲಸ ಮಾಡಬೇಕಾದದ್ದು ಮುಂದಿನ ನಲವತ್ತು ವರ್ಷ. ಕಬ್ಬು ಕಟಾವಿನ ಯಂತ್ರಗಳೂ ಜೆಸಿಬಿಗಳೂ ಈಗಾಗಲೇ ನಮ್ಮ ರಸ್ತೆಗಳ ಮೇಲಿವೆ, ಹೈಡ್ರಾಲಿಕ್ಸಿನ ಜೊತೆಗೆ ಅವುಗಳ ಮೈತುಂಬ ಸೆನ್ಸರುಗಳಿವೆ. ಹಂಗಾಮಿನ ನಡುವೆ ಅಂಥದ್ದೊಂದು ಕೆಟ್ಟು ನಿಂತರೆ ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಕಂಪನಿಯ ಆಳು ಬರುವವರೆಗೆ ಕಾಯಬೇಕು, ಹೊಲದಲ್ಲಿ ಕಬ್ಬು ಒಣಗುತ್ತದೆ. ಆ ಕಾಯುವಿಕೆಯ ಹೊತ್ತಿಗೆ ಬೆಲೆಯಿದೆ. ಅದನ್ನು ಗಳಿಸುವವನು ಊರಲ್ಲೇ ಇರುವ, ಮೀಟರ್ ಹಿಡಿಯಬಲ್ಲ ಮಿಸ್ತ್ರಿ.

ಎರಡನೆಯ ಆಕ್ಷೇಪ ಕೈ ಪಳಗುವುದರ ಬಗ್ಗೆ: ಐಟಿಐ ಹುಡುಗರಿಗೆ ಕೆಲಸವೇ ಬರುವುದಿಲ್ಲ, ಗ್ಯಾರೇಜಿನಲ್ಲಿ ಬೆಳೆದವನ ಮುಂದೆ ನಿಲ್ಲಲಾರರು. ಲೆಕ್ಕ ಹಾಕಿಯೇ ನೋಡೋಣ. 2022ರಲ್ಲಿ ಪರಿಷ್ಕರಿಸಿದ ಐಟಿಐ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ. ಅದರಲ್ಲಿ 840 ಗಂಟೆ ಕೈಕೆಲಸ, 240 ಗಂಟೆ ಸಿದ್ಧಾಂತ, ಉಳಿದದ್ದು ಉದ್ಯೋಗ ಕೌಶಲ. ಜೊತೆಗೆ 150 ಗಂಟೆ ಹೊರಗಿನ ಕೆಲಸದ ಜಾಗದಲ್ಲಿ ತರಬೇತಿ ಅಥವಾ ಗುಂಪು ಪ್ರಾಜೆಕ್ಟು. ಗ್ಯಾರೇಜಿನ ಹುಡುಗ ದಿನಕ್ಕೆ ಹತ್ತು ತಾಸಿನಂತೆ ವರ್ಷಕ್ಕೆ ಮುನ್ನೂರು ದಿನ ದುಡಿದರೆ 3,000 ಗಂಟೆ. ಗಂಟೆಗಳ ಪೈಪೋಟಿಯಲ್ಲಿ ಐಟಿಐ ಸೋಲುತ್ತದೆ, ಒಪ್ಪಿಕೊಳ್ಳಬೇಕು. ಆದರೆ ಆ 3,000 ಗಂಟೆಗಳಲ್ಲಿ ಮೊದಲ ವರ್ಷ ಏನು ನಡೆಯುತ್ತದೆಂಬುದನ್ನೂ ನೋಡಬೇಕು: ಗಾಡಿ ತೊಳೆಯುವುದು, ಆಯಿಲ್ ಬದಲಿಸುವುದು, ಪಂಕ್ಚರು, ಚಹಾ ತರುವುದು, ಅಂಗಡಿಯಿಂದ ಪಾರ್ಟು ತರುವುದು. ಕೆಟ್ಟದ್ದನ್ನು ಪತ್ತೆ ಹಚ್ಚುವ ಭಾಗ ಮಿಸ್ತ್ರಿಯ ತಲೆಯೊಳಗೆ ನಡೆಯುತ್ತದೆ. ಹುಡುಗನ ಕಣ್ಣಿಗೆ ಬೀಳುವುದು ಬಿಚ್ಚುವುದು, ಕೂಡಿಸುವುದು. ಎಂಜಿನ್ ಬಿಚ್ಚಿ ಕೂಡಿಸುವುದನ್ನು ನೋಡಿ ಕಲಿಯಬಹುದು. ವಯರಿನೊಳಗಿನ ಕರೆಂಟನ್ನು ನೋಡಿ ಕಲಿಯಲು ಬರುವುದಿಲ್ಲ, ಅದನ್ನು ಯಾರಾದರೂ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಬೇಕು. ಇನ್ನು, ಹದಿನಾಲ್ಕು ತುಂಬದ ಮಕ್ಕಳನ್ನು ಗ್ಯಾರೇಜಿಗೆ ಹಚ್ಚುವುದು 2016ರ ಬಾಲಕಾರ್ಮಿಕ ಕಾಯ್ದೆಯ ತಿದ್ದುಪಡಿಯ ಪ್ರಕಾರ ಶಿಕ್ಷಾರ್ಹ ಅಪರಾಧ. ಕಲಿಯಲಿ ಬಿಡಿ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಐಟಿಐಗಳ ಮೇಲಿನ ದೂರು ಇಲ್ಲಿಗೇ ಮುಗಿಯುವುದಿಲ್ಲ. ಎಷ್ಟೋ ಕಡೆ ವರ್ಕ್‌ಶಾಪಿನಲ್ಲಿ ಹಳೆಯ ಎಂಜಿನ್ನೊಂದು ಬಣ್ಣ ಬಳಿಸಿಕೊಂಡು ಪ್ರದರ್ಶನಕ್ಕೆ ಕೂತಿರುತ್ತದೆ, ಬೋಧಕರ ಹುದ್ದೆ ಖಾಲಿ ಇರುತ್ತದೆ. ಪರಿಸ್ಥಿತಿ ಸುಧಾರಿಸುವ ಪ್ರಯತ್ನವೂ ನಡೆದಿದೆ: ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿದ ಯೋಜನೆ 2022ರಲ್ಲಿ ಉದ್ಘಾಟನೆಯಾಯಿತು, ಎಲೆಕ್ಟ್ರಿಕ್ ವಾಹನದಂಥ ಹೊಸ ಕೋರ್ಸುಗಳು ಅದರ ಜೊತೆಗೇ ಬಂದವು. ಆದ್ದರಿಂದ ಐಟಿಐ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾರೆ ತೀರ್ಪು ಕೊಡುವುದಕ್ಕಿಂತ, ಅರ್ಜಿ ಹಾಕುವ ಮುನ್ನ ಆ ಸಂಸ್ಥೆಗೆ ಹೋಗಿ ಅರ್ಧ ದಿನ ಕಳೆಯುವುದು ಲೇಸು. ಪ್ರಾಚಾರ್ಯರ ಕೋಣೆಯಲ್ಲಿ ಕೂರಬೇಡಿ, ವರ್ಕ್‌ಶಾಪಿಗೆ ಹೋಗಿ. ಅಲ್ಲಿ ಚಾಲೂ ಆಗುವ ಎಂಜಿನ್ ಎಷ್ಟಿವೆ, ಬಿಎಸ್6 ಗಾಡಿ ಒಂದಾದರೂ ಇದೆಯೇ, ಸ್ಕ್ಯಾನರ್ ಇದೆಯೇ, ಇದ್ದರೆ ಕಪಾಟಿನಲ್ಲಿದೆಯೋ ಹುಡುಗರ ಕೈಯಲ್ಲಿದೆಯೋ ನೋಡಿ. ಎರಡನೇ ವರ್ಷದ ಹುಡುಗನೊಬ್ಬನನ್ನು ಕರೆದು ಬ್ಯಾಟರಿ ಚೆನ್ನಾಗಿದೆಯೋ ಇಲ್ಲವೋ ಹೇಗೆ ನೋಡುತ್ತೀ ಎಂದು ಕೇಳಿ. ಎರಡು ತುದಿ ತಾಗಿಸಿ ಕಿಡಿ ನೋಡುತ್ತೇನೆ ಎಂದನೋ, ಅಲ್ಲಿಂದ ಎದ್ದು ಬನ್ನಿ. ಖಾಸಗಿ ಐಟಿಐಯಾದರೆ ಇನ್ನೊಂದು ವಿಚಾರಣೆ ತಪ್ಪದೆ ಆಗಬೇಕು: ಸಂಸ್ಥೆಗೆ ಕೇಂದ್ರ ಸರ್ಕಾರದ ಮಾನ್ಯತೆ ಇದ್ದರೆ ಸಾಲದು, ನೀವು ಸೇರುವ ಟ್ರೇಡಿಗೇ ಇರಬೇಕು. ಮುಂದೆ ಸಾರಿಗೆ ಸಂಸ್ಥೆ, ರೈಲ್ವೆ, ದೊಡ್ಡ ಕಾರ್ಖಾನೆಗಳೆಲ್ಲ ಮೊದಲು ಕೇಳುವುದು ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟನ್ನೇ.

ಟ್ರೇಡುಗಳಲ್ಲಿ ಯಾವುದು? ಹತ್ತನೇ ತರಗತಿಯನ್ನು ಗಣಿತ, ವಿಜ್ಞಾನದೊಂದಿಗೆ ಪಾಸಾದವರಿಗೆ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ್ದು, ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ್ದು. ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ಟ್ರೇಡೂ ಇದೆ. ಬೇಗ ಮುಗಿಯುತ್ತದೆಂದು ಅನೇಕರು ಒಂದು ವರ್ಷದ್ದನ್ನು ಹಿಡಿಯುತ್ತಾರೆ. ಸಾಧ್ಯವಿದ್ದರೆ ಎರಡು ವರ್ಷದ್ದೇ ಇರಲಿ. ಬ್ರೇಕು, ಸ್ಟೇರಿಂಗು, ಗೇರ್‌ಬಾಕ್ಸು, ವಯರಿಂಗು ಎಲ್ಲವೂ ಅದರಲ್ಲಿ ಬರುತ್ತವೆ, ಮುಂದೆ ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ನೇರ ಪ್ರವೇಶದ ಬಾಗಿಲೂ ತೆರೆದಿರುತ್ತದೆ. ತೊಡಕೆಂದರೆ ಈ ಟ್ರೇಡು ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್ ಮಾತ್ರ ಬಹುತೇಕ ಎಲ್ಲ ಕಡೆ. ಹತ್ತಿರದಲ್ಲಿ ಸಿಗದಿದ್ದರೆ ಹೆಸರಿಗೆ ಡೀಸೆಲ್ ಮೆಕ್ಯಾನಿಕ್ ಇರುವ, ಎಂಜಿನ್ನೇ ಚಾಲೂ ಆಗದ ಸಂಸ್ಥೆಗೆ ಸೇರುವುದಕ್ಕಿಂತ ಒಳ್ಳೆಯ ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಮಾಡಿ, ರಜೆಯಲ್ಲಿ ಗ್ಯಾರೇಜಿಗೆ ಹೋಗುವುದು ಮೇಲು. ಈ ಮಾತು ಕೆಲವು ಮಿಸ್ತ್ರಿಗಳಿಗೆ ವಿಚಿತ್ರವೆನಿಸಬಹುದು. ಆದರೆ ಎಂಜಿನ್ ಬಿಚ್ಚುವುದನ್ನು ಗ್ಯಾರೇಜು ಹೇಗೂ ಕಲಿಸುತ್ತದೆ, ಕರೆಂಟಿನ ಲೆಕ್ಕವನ್ನು ಕಲಿಸುವುದಿಲ್ಲ. ಯಾವುದು ಹೊರಗೆ ಸಿಗುವುದಿಲ್ಲವೋ ಅದನ್ನೇ ಒಳಗೆ ಕೂತು ಕಲಿಯಬೇಕು.

ಎರಡು ವರ್ಷ ಮುಗಿದ ಮೇಲೆ ಹೆಚ್ಚಿನವರು ಎಡವುವ ಜಾಗ ಅಪ್ರೆಂಟಿಸ್‌ಶಿಪ್. ಇನ್ನೂ ಒಂದು ವರ್ಷವೇ ಎಂದು ಬಿಟ್ಟುಬಿಡುತ್ತಾರೆ. ಗ್ಯಾರೇಜು ಬೇಕು ಎಂದು ಆರಂಭದಲ್ಲಿ ಹೇಳಿದ ಮಾತು ಕಾನೂನುಬದ್ಧವಾಗಿ, ಕೈಗೆ ದುಡ್ಡು ಕೊಟ್ಟು ಈಡೇರುವುದು ಇಲ್ಲಿಯೇ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನಿಗದಿತ ಸಂಖ್ಯೆಯ ಕೆಲಸಗಾರರಿರುವ ಸಂಸ್ಥೆಗಳು ತರಬೇತಿಗೆ ಹುಡುಗರನ್ನು ತೆಗೆದುಕೊಳ್ಳಬೇಕು. 2019ರ ನಿಯಮ ತಿದ್ದುಪಡಿ ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿವರೆಗೆ ಸ್ಟೈಪೆಂಡ್ ನಿಗದಿಮಾಡಿತು. ನಮ್ಮ ಭಾಗದವರಿಗೆ ಕಣ್ಣೆದುರಿಗೇ ಇರುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಒಂದೇ ಡಿಪೊದಲ್ಲಿ ಹಳೆಯ ಪಂಪಿನ ಬಸ್ಸು, ಕಾಮನ್ ರೇಲ್ ಬಸ್ಸು ಎರಡನ್ನೂ ಮುಟ್ಟಿ ಕಲಿಯುವ ಅವಕಾಶ ಊರಿನ ಗ್ಯಾರೇಜಿನಲ್ಲಿ ಸಿಗಲಾರದು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಬಸ್ಸುಗಳು ತಯಾರಾಗುತ್ತವೆ, ಧಾರವಾಡದಲ್ಲೇ ಟಾಟಾ ಹಿಟಾಚಿ ಮಣ್ಣೆತ್ತುವ ಯಂತ್ರಗಳನ್ನು ಮಾಡುತ್ತದೆ. ಬೆಳಗಾವಿ, ಹುಬ್ಬಳ್ಳಿಯ ಕಂಪನಿ ಶೋರೂಮುಗಳ ವರ್ಕ್‌ಶಾಪುಗಳೂ ಇವೆ. ಅಲ್ಲಿ ಕೆಲಸ ಬೇಸರ ಹುಟ್ಟಿಸುವಷ್ಟು ನಿಯಮಬದ್ಧ, ಆದರೆ ಕಂಪನಿಯ ವಯರಿಂಗ್ ನಕ್ಷೆಗಳನ್ನು ಓದುವ ರೂಢಿ ಆಗುವುದು ಅಲ್ಲಿಯೇ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿ, ಐಟಿಐ ಮುಗಿಯುವ ಮೊದಲೇ ಹುಡುಕಾಟ ಶುರು ಮಾಡಬೇಕು.

ಮನೆಯಲ್ಲಿ ತೀರಾ ಬಡತನವಿದ್ದು ಹುಡುಗ ಓದಿನಲ್ಲಿ ಚುರುಕಾಗಿದ್ದರೆ ಇನ್ನೊಂದು ದಾರಿಯಿದೆ. ಟೊಯೊಟಾ ಕಂಪನಿ 2007ರಲ್ಲಿ ಬಿಡದಿಯಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಬಡ ಮಕ್ಕಳಿಗೆ ಹತ್ತನೆಯ ತರಗತಿಯ ನಂತರ ಮೂರು ವರ್ಷದ ವಸತಿ ಸಹಿತ ತರಬೇತಿ ಕೊಡುತ್ತದೆ. ಆದರೆ ಅಲ್ಲಿನ ಒಲವು ಗಾಡಿ ತಯಾರಿಕೆಯ ಕಡೆಗೆ, ರಿಪೇರಿಯ ಕಡೆಗಲ್ಲ. ಊರಿಗೆ ಮರಳಿ ಗ್ಯಾರೇಜು ಹಾಕುವವನಿಗಿಂತ ಕಾರ್ಖಾನೆ ಸೇರುವವನಿಗೆ ಅದು ಹೊಂದುತ್ತದೆ. ಹದಿನೆಂಟು ದಾಟಿ, ಓದು ಅರ್ಧಕ್ಕೆ ನಿಂತವರಿಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಹುಟ್ಟಿದ ಇವು ಊಟ, ವಸತಿ ಸಹಿತ ಉಚಿತವಾಗಿ ಸುಮಾರು ಒಂದು ತಿಂಗಳ ದ್ವಿಚಕ್ರ ವಾಹನ ರಿಪೇರಿ ತರಬೇತಿ ಕೊಡುತ್ತವೆ. ಒಂದು ತಿಂಗಳಲ್ಲಿ ಮಿಸ್ತ್ರಿ ಆಗುವುದಿಲ್ಲ. ಈಗಾಗಲೇ ಎರಡು ಮೂರು ವರ್ಷ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡು, ಇಂಜೆಕ್ಷನ್ ಗಾಡಿ ಬಂದರೆ ಕೈ ಹಿಂದೆ ಸರಿಸುವವನಿಗೆ ಮಾತ್ರ ಆ ಒಂದು ತಿಂಗಳು ಬಂಗಾರ.

ಎಲೆಕ್ಟ್ರಿಕ್ ಗಾಡಿ ಬಂದರೆ ಈ ಕಸುಬೇ ಮುಳುಗುವುದಲ್ಲವೇ ಎಂಬ ಭಯವೂ ತಂದೆತಾಯಿಗಳಲ್ಲಿದೆ. ಎಂಜಿನ್ ಬೋರು, ಕಾರ್ಬೋರೇಟರ್, ಆಯಿಲ್ ಬದಲಾವಣೆ ನಂಬಿದವರಿಗೆ ಭಯ ನ್ಯಾಯವೇ. ಬ್ರೇಕು, ಟಯರು, ಬೇರಿಂಗು, ಸಸ್ಪೆನ್ಷನ್ನು ಎಲ್ಲಿಯೂ ಹೋಗುವುದಿಲ್ಲ. ಉಳಿದದ್ದೆಲ್ಲ ವಯರಿಂಗು, ಕಂಟ್ರೋಲರು, ಬ್ಯಾಟರಿ. ಕರೆಂಟು ಕಲಿತವನಿಗೆ ಕೆಲಸ ಕಡಿಮೆಯಾಗುವ ಬದಲು ಕೈಗೆ ಬರುತ್ತದೆ. ಆದರೆ ಇಲ್ಲಿ ಊಹೆಗೆ ಜಾಗವಿಲ್ಲ. ಎಲೆಕ್ಟ್ರಿಕ್ ಸ್ಕೂಟರು ಸಾಮಾನ್ಯವಾಗಿ 48ರಿಂದ 72 ವೋಲ್ಟಿನದು. ಕಾರಿನ ಬ್ಯಾಟರಿ 300 ವೋಲ್ಟ್ ಮೀರುತ್ತದೆ, ಕೇಸರಿ ಬಣ್ಣದ ಕೇಬಲ್ಲನ್ನು ಸಂಪರ್ಕ ತಪ್ಪಿಸದೆ ಮುಟ್ಟಿದರೆ ಜೀವವೇ ಹೋಗಬಹುದು. ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡು ಈಗ ಐಟಿಐಗಳಲ್ಲಿ ಬಂದಿದೆ. ನಮ್ಮ ತಾಲ್ಲೂಕುಗಳಲ್ಲಿ ಅಂಥ ಗಾಡಿಗಳು ಇನ್ನೂ ಕಡಿಮೆ ಇರುವುದರಿಂದ, ಇವತ್ತು ಅದೊಂದನ್ನೇ ಹಿಡಿಯುವುದಕ್ಕಿಂತ ಮೋಟಾರ್ ವೆಹಿಕಲ್ ಮಾಡಿ ಇದನ್ನು ಚಿಕ್ಕ ಕೋರ್ಸಾಗಿ ಸೇರಿಸಿಕೊಳ್ಳುವುದು ಸುರಕ್ಷಿತ. ಹೆಣ್ಣುಮಕ್ಕಳನ್ನು ಈ ಟ್ರೇಡುಗಳಿಂದ ದೂರ ಇಡುವುದಕ್ಕೂ ಕಾರಣ ಉಳಿದಿಲ್ಲ. ಗೇರ್‌ಬಾಕ್ಸ್ ಎತ್ತುವ ಬಲದ ಮಾತು ಹೇಳುತ್ತಿದ್ದ ಕಾಲ ಹೋಯಿತು, ಅದನ್ನು ಎತ್ತಲು ಜಾಕ್ ಇದೆ.

ಈಗಾಗಲೇ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದವರು ಈ ಲೆಕ್ಕದಿಂದ ಹೊರಗುಳಿದರೆಂದು ತಿಳಿಯಬೇಕಿಲ್ಲ. ಅನುಭವದ ಆಧಾರದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆಯುವ ಅವಕಾಶವಿದೆ. ನಿಯಮಗಳನ್ನು ಹತ್ತಿರದ ಸರ್ಕಾರಿ ಐಟಿಐಯಲ್ಲಿ ಕೇಳಿಕೊಳ್ಳಬಹುದು. ಸ್ವಂತ ಗ್ಯಾರೇಜು ಹಾಕುವ ಹೊತ್ತಿಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸೇವಾ ಘಟಕಗಳಿಗೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಾಲ ಸಿಗುತ್ತದೆ. ಹಳ್ಳಿಯಲ್ಲಿ ಹಾಕಿದರೆ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35 ಸಬ್ಸಿಡಿ. ಪೇಟೆಯಲ್ಲಿ ಹಾಕಿದರೆ ಇದು ಕ್ರಮವಾಗಿ ಶೇ 15, ಶೇ 25ಕ್ಕೆ ಇಳಿಯುತ್ತದೆ. ರಾಮದುರ್ಗದಲ್ಲಿ ಬಾಡಿಗೆ ಅಂಗಡಿ ಹಿಡಿಯುವ ಮುನ್ನ ಸಾಲಹಳ್ಳಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲು ಇದೊಂದು ಕಾರಣ. ಸಾಲದ ಅರ್ಜಿಯ ಜೊತೆ ಇಡುವ ಸಲಕರಣೆಗಳ ಪಟ್ಟಿಯಲ್ಲಿ ಕಂಪ್ರೆಸರು, ರ್‍ಯಾಂಪು ಎಲ್ಲರೂ ಬರೆಯುತ್ತಾರೆ. ಒಂದು ಒಳ್ಳೆಯ ಸ್ಕ್ಯಾನರನ್ನೂ ಅದರ ವಾರ್ಷಿಕ ಅಪ್‌ಡೇಟಿನ ಖರ್ಚನ್ನೂ ಮೊದಲ ಸಾಲಿನಲ್ಲೇ ಬರೆದುಬಿಡಿ. ಆಮೇಲೆ ಕೊಂಡರಾಯಿತೆಂದು ಬಿಟ್ಟ ಸ್ಕ್ಯಾನರಿಗೆ ದುಡಿಯುವ ಬಂಡವಾಳದಲ್ಲಿ ದುಡ್ಡು ಉಳಿಯುವುದು ಅಪರೂಪ.